ಬಾಡದ ತೋರಣ

ತೋರಣ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಬೇಕೆಂದು ಹೊರಟವನೂ ನನ್ನ ಹೆಸರು ಕೇಳಿ ಅರ್ಧ ದಾರಿಯಿಂದ ಹಿಂದಿರುಗಿರಬೇಕು. ಇದನ್ನು ನಾನೇ ಹೇಳಿಕೊಳ್ಳುತ್ತಿದ್ದೇನೆ, ಯಾಕೆಂದರೆ ನಮ್ಮ ಓಣಿಯವರ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಿಸುವಷ್ಟರಲ್ಲಿ ಮನುಷ್ಯನ ಆಯುಷ್ಯವೇ ಮುಗಿಯುತ್ತದೆ. ನಾನು ಮಾವಿನೆಲೆ ಮಡಚಿ ಕಟ್ಟಿದರೆ ಗಿಳಿಗಳು ಅದನ್ನು ಮರವೆಂದೇ ತಿಳಿದು ಸಂಸಾರ ಹೂಡುತ್ತವೆ. ಒಂದು ವರ್ಷ ಜೋಳದ ತೆನೆಗಳ ತೋರಣ ಕಟ್ಟಿದ್ದೆ. ಅದನ್ನು ದೂರದಿಂದ ನೋಡಿದ ಒಬ್ಬ ರೈತ ರಾಶಿ ಮಾಡೋಣವೆಂದು ಎತ್ತು ಹೊಡೆದುಕೊಂಡು ನಮ್ಮ ಅಂಗಳಕ್ಕೇ ಬಂದುಬಿಟ್ಟ. ಹೆಸರು ಅಡಿವೆಪ್ಪ, ಕಸುಬು ದರ್ಜಿ. ಹೊಟ್ಟೆಗೆ ಹೊಲಿಗೆ, ಹೆಸರಿಗೆ ತೋರಣ.

ನಮ್ಮ ಊರಿನಲ್ಲಿ ತೋರಣವನ್ನು ಬರಿಯ ಅಂದಕ್ಕೆ ಕಟ್ಟುವುದಿಲ್ಲ. ಬೇರೆ ಊರುಗಳಲ್ಲಿ ಬೇಸಿಗೆ, ಮಳೆ, ಚಳಿ ಎಲ್ಲರ ಮೇಲೂ ಒಟ್ಟಿಗೆ ಬೀಳುತ್ತವಂತೆ. ಕೇಳಿದರೆ ನಗು ಬರುತ್ತದೆ. ನಮ್ಮಲ್ಲಿ ಕಾಲ ಮನೆಮನೆಗೆ ಬೇರೆಬೇರೆಯಾಗಿ ಬರುತ್ತದೆ, ಬಾಗಿಲಿನಿಂದ ಬರುತ್ತದೆ, ಅದರ ತೋರಣ ಕಟ್ಟಿದರೆ ಮಾತ್ರ ಬರುತ್ತದೆ. ಮುತ್ತುಗದ ಹೂವು, ಬೇವಿನ ಹೂಗೊಂಚಲು ಕಟ್ಟಿದರೆ ಬೇಸಿಗೆ. ಗರಿಕೆ, ತುಂಬೆ, ಮಾವಿನೆಲೆ ಕಟ್ಟಿದರೆ ಮಳೆಗಾಲ. ಜೋಳದ ತೆನೆ, ಕುಸುಬೆ ಹೂವು, ಅವರೆ ಬಳ್ಳಿ ಕಟ್ಟಿದರೆ ಚಳಿಗಾಲ. ಎಲ್ಲವನ್ನೂ ಗುಡ್ಡದಿಂದ, ಹೊಲದ ಬದುವಿನಿಂದ ಆ ಮನೆಯವರೇ ಆಯ್ದು ತರಬೇಕು, ನಾರಿನಿಂದಲೇ ಕಟ್ಟಬೇಕು. ಒಬ್ಬ ವ್ಯಾಪಾರಿ ಸೋಮಾರಿತನಕ್ಕೆ ಪೇಟೆಯಿಂದ ಪ್ಲಾಸ್ಟಿಕ್ ಹೂವಿನ ತೋರಣ ತಂದು ಕಟ್ಟಿದ. ಕಾಲ ಬರಲಿಲ್ಲ, ನೊಣ ಬಂದವು. ತೋರಣ ಬಾಡುತ್ತ ಹೋದಂತೆ ಕಾಲವೂ ಸಡಿಲವಾಗುತ್ತದೆ. ನಾರು ಕೊಳೆತು ತೋರಣ ತಾನಾಗಿ ಉದುರಿದ ದಿನ ಆ ಕಾಲ ಮನೆ ಬಿಡುತ್ತದೆ. ಮನೆಯವರು ಬಾಗಿಲು ತೊಳೆದು ಮುಂದಿನದನ್ನು ಕಟ್ಟುತ್ತಾರೆ.

ಹೀಗಾಗಿ ನಮ್ಮ ಓಣಿಯಲ್ಲಿ ನಡೆಯುವವನ ಬಗಲಲ್ಲಿ ಕೊಡೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬೀಸಣಿಗೆ ಮೂರೂ ಇರಬೇಕು. ಬೇಸಿಗೆಯಿರುವ ಮನೆಯವರ ಮಾಳಿಗೆಯ ಮೇಲೆ ಇಡೀ ಓಣಿಯ ಹಪ್ಪಳ ಒಣಗುತ್ತದೆ. ಹೊಸದಾಗಿ ಮದುವೆಯಾದವರನ್ನು ಚಳಿಗಾಲದ ಮನೆಯವರೇ ಮೊದಲು ಊಟಕ್ಕೆ ಕರೆಯುತ್ತಾರೆ. ಎರಡು ಮನೆಗಳ ನಡುವಿನ ಕಟ್ಟೆಯ ಮೇಲೆ ಕೂತ ಮುದುಕನಿಗೆ ಎಡಗಡೆ ಬೆವರು, ಬಲಗಡೆ ನಡುಕ. ಅವನು ಕೂತು ಕೂತು ಒಂದೇ ಪಕ್ಕ ಕಪ್ಪಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದನ್ನು ಮಾತ್ರ ಯಾರೂ ಮಾಡುವುದಿಲ್ಲ. ಕಟ್ಟಿದ ತೋರಣವನ್ನು ಕೈಯಿಂದ ಕೀಳುವುದಿಲ್ಲ. ಮೇಲಿನ ಓಣಿಯ ಗುರುಪಾದಪ್ಪ ಎಂಬವನು ಸೆಕೆ ತಾಳಲಾರದೆ ಒಮ್ಮೆ ಕಿತ್ತು ಎಸೆದ. ಅಂದಿನಿಂದ ಆ ಮನೆಗೆ ಯಾವ ಕಾಲವೂ ಕಾಲಿಡಲಿಲ್ಲ. ಅವರಲ್ಲಿ ಹಾಲು ಕೆಡುವುದಿಲ್ಲ, ಹೆಪ್ಪೂ ಆಗುವುದಿಲ್ಲ. ಒಗೆದ ಬಟ್ಟೆ ಹಸಿಯೂ ಅಲ್ಲ, ಒಣಗಿದ್ದೂ ಅಲ್ಲ. ಅವನ ಹೆಂಡತಿ ಮಾತಾಡುತ್ತ ಮಾತಾಡುತ್ತ ನಡುವೆ ನಿಂತುಬಿಡುತ್ತಾಳೆ, ಮುಂದೇನೆಂದು ಅವಳಿಗೇ ಬೇಕಿರುವುದಿಲ್ಲ. ಹದಿನಾರು ವರ್ಷವಾಯಿತು. ಆ ಮನೆಯ ಮುಂದೆ ಹಾಯುವಾಗ ನಾನು ಕೂಡ ಬಾಯಿ ಮುಚ್ಚುತ್ತೇನೆ. ನಾನು ಬಾಯಿ ಮುಚ್ಚುವುದೆಂದರೆ ಎಂಥ ದೊಡ್ಡ ಸಂಗತಿಯೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ನನ್ನ ಮನೆಯ ಹಿಂದಿನ ಮನೆ ಹೂಗಾರ ಕಾಶವ್ವನದು. ಗಂಡ ಸತ್ತ ಮೇಲೆ ಹಿತ್ತಲಲ್ಲಿ ಸೇವಂತಿಗೆ ಬೆಳೆದು, ಮಾಲೆ ಕಟ್ಟಿ ಮಾರಿ ಬದುಕಿದವಳು. ಸೇವಂತಿಗೆಗೆ ತಂಪು ಬೇಕೆಂದು ತನ್ನ ಚಳಿಗಾಲದ ತೋರಣಕ್ಕೆ ಹೊತ್ತುಹೊತ್ತಿಗೆ ನೀರು ಚಿಮುಕಿಸಿ ಎರಡು ತಿಂಗಳು ಹೆಚ್ಚಿಗೆ ಹಿಡಿದಿಡುವಳು. ಹೋದ ವರ್ಷ ಅವಳ ಮಳೆಗಾಲದ ತೋರಣ ನೂರು ದಿನ ಬಾಳಿತು. ನನ್ನದು ತೊಂಬತ್ತೆಂಟನೆಯ ದಿನಕ್ಕೆ ಉದುರಿತು. ಇಡೀ ಓಣಿ ಬಾವಿಕಟ್ಟೆಯ ಮೇಲೆ ಕೂತು ಆ ಎರಡು ದಿನಗಳ ಬಗ್ಗೆ ಎರಡು ತಿಂಗಳು ಮಾತಾಡಿತು. ಕಾಶವ್ವ ನನ್ನ ಮುಂದೆ ಹಾಯುವಾಗೆಲ್ಲ, "ಯಾಕೋ ತಮ್ಮಾ, ನಾರು ಸುಮಾರ ಇತ್ತೇನು?" ಎಂದು ಕೇಳುವಳು, ಅಷ್ಟು ಮೆತ್ತಗೆ ಕೇಳುವಳು.

ಆಗ ನಾನು ಬಾಡದ ತೋರಣ ಕಟ್ಟಲು ಹೊರಟೆ.

ಗುಡ್ಡದ ಮೇಲಿನ ಅಷ್ಟೂ ಜೇನುಗಳ ಜೊತೆ ಜಗಳವಾಡಿ ಮೇಣ ತಂದೆ. ಒಂದೊಂದು ಗರಿಕೆಯ ಎಸಳನ್ನೂ, ಒಂದೊಂದು ತುಂಬೆ ಹೂವನ್ನೂ, ಒಂದೊಂದು ಮಾವಿನೆಲೆಯನ್ನೂ ಕರಗಿದ ಮೇಣದಲ್ಲಿ ಅದ್ದಿ ತೆಗೆದೆ. ಲಕ್ಷ ಎಸಳು ಇದ್ದವು; ಕಡಿಮೆ ಹೇಳುತ್ತಿದ್ದೇನೆ. ಕತ್ತಾಳೆಯ ನಾರನ್ನು ಏಳು ಸಲ ಬಡಿದು, ಬೇವಿನೆಣ್ಣೆಯಲ್ಲಿ ನೆನೆಸಿ, ಹೊಗೆಯಲ್ಲಿ ಕಾಯಿಸಿ ಹೊಸೆದೆ. ಆ ನಾರಿನಿಂದ ಆನೆಯನ್ನು ಕಟ್ಟಬಹುದಿತ್ತು, ಆನೆ ಸಿಗಲಿಲ್ಲ. ನನ್ನ ಹೆಂಡತಿ ನೀಲಗಂಗಾ ಒಲೆಯ ಮುಂದೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಲಗ್ನವಾಗಿ ಇಪ್ಪತ್ತೆಂಟು ವರ್ಷವಾದರೂ ಅವಳಿಗೆ ನಾನು ಒಂದು ತೋರಣವನ್ನೂ ಕಟ್ಟಲು ಬಿಟ್ಟಿರಲಿಲ್ಲ. ಮನೆಯಲ್ಲಿ ನಾನಿರುವಾಗ ಇನ್ನೊಬ್ಬರ ಕೈ ಯಾಕೆ?

"ಬಾಡಲಾರದ್ದನ್ನ ಕಟ್ಟಬ್ಯಾಡ್ರಿ. ಬಂದದ್ದು ಹೋಗಬೇಕಲ್ರಿ," ಎಂದಳು.

"ನೀ ಸುಮ್ಮಕುಂದರು. ನೂರಾ ಒಂದು ದಿನ ನಿಂತರ ಸಾಕು ನನಗ," ಎಂದೆ.

ಕಟ್ಟಿದ ದಿನ ಊರೇ ಬಂತು. ಹಸಿರು ಹೊಳೆಯುತ್ತಿತ್ತು, ತುಂಬೆ ಹೂಗಳು ಬೆಳ್ಳಿಯ ಹಾಗೆ ಮಿಂಚುತ್ತಿದ್ದವು. ಮಳೆ ಹಿಂದೆಂದೂ ಬಾರದಷ್ಟು ಗತ್ತಿನಿಂದ ನನ್ನ ಬಾಗಿಲಿಗೆ ಬಂತು. ಕಾಶವ್ವ ಬಾಯಿಗೆ ಸೆರಗು ಹಿಡಿದು ನೋಡಿದಳು. ನೂರಾ ಒಂದನೆಯ ದಿನ ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ನೂರೈವತ್ತನೆಯ ದಿನ ಎಲ್ಲರೂ ಚಳಿಗಾಲ ಕಟ್ಟಿ ಮುಗಿಸಿದ್ದರು. ನನ್ನ ಬಾಗಿಲಲ್ಲಿ ಒಂದು ಎಸಳೂ ಬಾಗಿರಲಿಲ್ಲ. ಇನ್ನೂರೈವತ್ತನೆಯ ದಿನ ಅವರು ಬೇಸಿಗೆಯ ಮಾತಾಡುತ್ತಿದ್ದರು. ನನ್ನ ಅಂಗಳದಲ್ಲಿ ಕಪ್ಪೆಗಳು ಮೊಮ್ಮಕ್ಕಳ ಲಗ್ನ ಮಾಡುತ್ತಿದ್ದವು. ಸಕ್ಕರೆ ತಿಂದವರು ಈಗ ನನ್ನ ಮನೆಯ ಮುಂದೆ ಹಾಯುವಾಗ ಕೊಡೆ ಬಿಚ್ಚಿ, "ಅಡಿವೆಪ್ಪ, ಯಾವಾಗ ಮುಗೀತದೋ?" ಎಂದು ಕೇಳತೊಡಗಿದರು.

ಹಳೆಯ ತೋರಣ ಉದುರದೆ ಅದೇ ಬಾಗಿಲಿಗೆ ಹೊಸದನ್ನು ಕಟ್ಟಿದರೆ ಕಾಲ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಕೀಳುವ ಹಾಗಿಲ್ಲ. ಉದುರುವಂತೆ ಮಾಡಬೇಕು. ಆಡು ತಂದು ಬಾಗಿಲ ಮುಂದೆ ನಿಲ್ಲಿಸಿದೆ. ಕಬ್ಬಿಣದ ಬಕೆಟ್ಟನ್ನೇ ಮೆಲ್ಲುವ ಆಡು ಅದು; ಬೇವಿನೆಣ್ಣೆಯ ವಾಸನೆಗೆ ಮೂಗು ತಿರುವಿ ನನ್ನ ಅಂಗಿಯ ತೋಳು ತಿಂದಿತು. ಗೆದ್ದಲು ತಂದು ಬಿಟ್ಟೆ. ಅವು ಮೇಲಿನ ತೊಲೆಗೆ ಹೋದವು, ತೋರಣದ ಹತ್ತಿರ ಸುಳಿಯಲಿಲ್ಲ. ಮಂಗಗಳಿಗೆ ಬಾಳೆಹಣ್ಣು ತೋರಿಸಿ ಕರೆದೆ. ಅವು ಬಾಳೆಹಣ್ಣು ತಿಂದು, ತೋರಣವನ್ನು ಮುಟ್ಟಿ ನೋಡಿ, ನನ್ನ ಕಡೆ ತಿರುಗಿ ತಲೆಯಾಡಿಸಿದವು. ಇಷ್ಟು ಗಟ್ಟಿ ಕೆಲಸವನ್ನು ಅವೂ ನೋಡಿರಲಿಲ್ಲ.

ಇಲ್ಲಿಯವರೆಗೆ ನಗುತ್ತ ಹೇಳಿದೆ. ನೀಲಗಂಗಾಳಿಗೆ ಉಬ್ಬಸವಿತ್ತು. ಮಳೆಗಾಲದಲ್ಲಿ ಹೆಚ್ಚಾಗುತ್ತಿತ್ತು, ಬೇಸಿಗೆ ಬಂದರೆ ಇಳಿಯುತ್ತಿತ್ತು, ಹಾಗೆ ವರ್ಷ ವರ್ಷ ನಡೆದಿತ್ತು. ಈ ಸಲ ಇಳಿಯುವ ಕಾಲ ಬರಲೇ ಇಲ್ಲ. ಗೋಡೆಗಳು ಬೆವರುತ್ತಿದ್ದವು, ಹಾಸಿಗೆ ಹಿಂಡಿದರೆ ನೀರು, ಉಪ್ಪಿನ ಗಡಿಗೆಯಲ್ಲಿ ಕೆಸರು. ಅವಳು ಮಲಗುವುದನ್ನೇ ಬಿಟ್ಟಳು. ಗೋಡೆಗೆ ಒರಗಿ, ಮೊಣಕಾಲಿನ ಮೇಲೆ ಕೈಯಿಟ್ಟು, ಎಲ್ಲಿಂದಲೋ ಗಾಳಿಯನ್ನು ಸೇದಿ ಸೇದಿ ತರುತ್ತಿದ್ದಳು. ಆಸ್ಪತ್ರೆಯ ಕಂಪೌಂಡರ್, "ಔಷಧ ಅರ್ಧ ಕೆಲಸ ಮಾಡತೈತಿ, ಇನ್ನರ್ಧ ಒಣಾ ನೆಲ ಮಾಡಬೇಕು," ಎಂದು ಹೇಳಿ ಕಳಿಸಿದ. ಹಗಲು ಅವರಿವರ ಜಗುಲಿಯ ಮೇಲೆ ಕೂತು ಉಸಿರಾಡಿಕೊಂಡು ಬರುವಳು. ಆದರೆ ಮನುಷ್ಯರು ಎಷ್ಟು ದಿನ ಮಂದಿಯ ಜಗುಲಿಯ ಮೇಲೆ ಉಸಿರಾಡುತ್ತಾರೆ?

ಒಂದು ಮುಂಜಾನೆ ಅವಳು ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದು ಕಂಡೆ. ಹೊಳೆಯಾಚೆಯ ಊರಿನಲ್ಲಿ ಅವಳ ತಮ್ಮ ಭರಮಪ್ಪನಿದ್ದ. ಅಲ್ಲಿ ಕಾಲ ಎಲ್ಲರ ಮೇಲೂ ಒಟ್ಟಿಗೆ ಬೀಳುತ್ತದೆ.

"ಅಮಾಸಿಗೆ ಭರಮ್ಯಾ ಗಾಡಿ ತರತಾನ್ರಿ. ಹೇಳಿ ಕಳಿಸೇನಿ," ಎಂದಳು.

"ಎಷ್ಟು ದಿನಕ್ಕ?"

ಅವಳು ಉಸಿರು ಕೂಡಿಸಿಕೊಂಡಳು. "ದಿನಾ ಎಣಿಸಿ ಹೋಗವರು ತಿರಗಿ ಬರತಾರ. ನಾ ಎಣಿಸಿಲ್ರಿ."

"ನಾ ಒಬ್ಬನ ಏನ ಮಾಡ್ಲಿ ಇಲ್ಲಿ?"

"ನಿಮ್ಮ ತೋರಣ ಐತೆಲ್ಲಾ. ನೋಡಕೊಂತ ಕುಂದರ್ರಿ."

ಅದನ್ನು ಸಿಟ್ಟಿನಿಂದ ಹೇಳಿದ್ದರೆ ನಾನು ಸಾವಿರ ಉತ್ತರ ಕೊಡುತ್ತಿದ್ದೆ. ಅವಳು ಸಿಟ್ಟಿಲ್ಲದೆ, ಸುಮ್ಮನೆ ಹೇಳಿದಳು. ಅಮಾವಾಸ್ಯೆಗೆ ಹನ್ನೆರಡು ದಿನ ಉಳಿದಿದ್ದವು. ಆ ಹನ್ನೆರಡು ದಿನಗಳಲ್ಲಿ ನನ್ನ ಮನೆಯಲ್ಲಿ ಅವಳು ಕಾಲು ಚಾಚಿ ಮಲಗುವಷ್ಟಾದರೂ ಒಣ ನೆಲ ಮಾಡಿಯೇ ತೀರುತ್ತೇನೆಂದು ನಾನು ಅಲ್ಲೇ ನಿಶ್ಚಯಿಸಿದೆ.

ಉಪಾಯ ಹೊಳೆದದ್ದು ನನ್ನ ತಲೆಯಲ್ಲೇ. ಮೊದಲು ಬಿದ್ದದ್ದು ನೀಲಗಂಗಾಳ ಬಾಯಿಂದ, ಅಷ್ಟೇ. ನಾನು ಬಾಗಿಲ ಕೆಳಗೆ ನಿಂತು ತೋರಣವನ್ನು ಬೈಯುತ್ತಿದ್ದಾಗ ಅವಳು ಒಳಗಿನಿಂದ, "ಆ ಬಾಗಲಕ್ಕ ಯಾಕ ಜೋತು ಬಿದ್ದೀರಿ? ಮನಿಗೆ ಒಂದ ಬಾಗಲಾ ಇರಬೇಕಂತ ಯಾರ ಹೇಳ್ಯಾರ?" ಎಂದಳು. ಎಲ್ಲರೂ ಹೇಳಿದ್ದರು. ನಮ್ಮ ಊರಿನ ಮನೆಗಳಿಗೆ ಒಂದೇ ಬಾಗಿಲು. ಎರಡಿದ್ದರೆ ಎರಡು ಕಾಲಗಳು ಒಳಗೆ ಸೇರಿ ಪಾತ್ರೆ ಎಸೆದಾಡುತ್ತವೆ ಎಂದು ಹಿರಿಯರ ಮಾತು. ಆದರೆ ಅದನ್ನು ಕಣ್ಣಾರೆ ಕಂಡ ಹಿರಿಯರು ಒಬ್ಬರೂ ಇರಲಿಲ್ಲ. ಅಡುಗೆಮನೆಯ ಹಿಂದಿನ ಗೋಡೆ ಒಡೆದು ಹೊಸ ಬಾಗಿಲು ಇಟ್ಟು, ಅದಕ್ಕೆ ಬೇಸಿಗೆಯ ತೋರಣ ಕಟ್ಟಿದರೆ? ಉಪಾಯ ಚೆನ್ನಾಗಿತ್ತು. ತೊಡಕು ಒಂದೇ: ಆ ಗೋಡೆಯ ಆಚೆ ಕಾಶವ್ವನ ಹಿತ್ತಲು.

ಅವಳು ಹಿತ್ತಲಲ್ಲಿ ಕಂಬಳಿ ಹೊದ್ದು ಸೇವಂತಿಗೆಯ ಮೊಗ್ಗು ನೋಡುತ್ತಿದ್ದಳು. ನಾನು ಮಳೆಯಿಂದ ತೊಟ್ಟಿಕ್ಕುತ್ತ ಅವಳ ಚಳಿಯಲ್ಲಿ ಹೋಗಿ ನಿಂತೆ. ನನ್ನ ಹಲ್ಲುಗಳ ಸದ್ದಿಗೆ ಅವಳ ನಾಯಿ ಎದ್ದು ಓಡಿತು.

"ಕಾಶಕ್ಕ, ಇತ್ಲಾಗ ಒಂದು ಬಾಗಲಾ ತಗೀಬೇಕಂತ ಮಾಡೇನಿ."

"ಯಾರ ಗ್ವಾಡ್ಯಾಗ?"

"ನಮ್ಮ ಗ್ವಾಡ್ಯಾಗ. ತೆರಿಯೂದು ನಿಮ್ಮ ಹಿತ್ತಲಕ್ಕ."

"ಅಂದರ ಕಿಂಡಿ ನಿಂದು, ಝಳಾ ನಂದು." ಅವಳು ಮೊಗ್ಗೊಂದನ್ನು ಬೆರಳಿನಿಂದ ಎತ್ತಿ ತೋರಿಸಿದಳು. "ಇದನ್ನ ನೋಡು. ಇನ್ನ ಇಪ್ಪತ್ತು ದಿನಕ್ಕ ಅರಳತೈತಿ. ನಿನ್ನ ಬ್ಯಾಸಿಗಿ ಬಾಗಲದಾಗ ಕುಂತು ಇದರ ಮಾರಿ ನೋಡಿತಂದ್ರ ಎಂಟು ದಿನದಾಗ ಸಂಡಿಗಿ. ಒಂದು ವರ್ಷದ ಊಟ ಇದು ನನಗ."

"ನೀರು ಹಾಕತೀನಿ. ಬುಡಾ ತಂಪಿದ್ದರ ಝಳಾ ತಡೀತೈತಿ."

"ಬಾವ್ಯಾಗ ಕೊಡಾ ಮುಳಗವಲ್ಲದು. ಎಲ್ಲಿಂದ ತರತಿ?"

"ನಮ್ಮ ಅಂಗಳದಾಗ ಹತ್ತು ತಿಂಗಳಿಂದ ಸಮುದ್ರ ಬೀಳಾಕತ್ತೈತಿ ಕಾಶಕ್ಕ. ಅದನ್ನ ಮನಿಯೊಳಗಿಂದ ಹಾಯಿಸಿ ನಿನ್ನ ಸೇವಂತಿಗಿ ಮಡಿಗೆ ತಂದು ಬಿಡತೀನಿ. ಮುಂದ ಮಳಿ, ಹಿಂದ ಬಿಸಿಲು. ಹೂವು ಇಷ್ಟಿಷ್ಟ ದಪ್ಪ ಆಗಲಿಲ್ಲಂದ್ರ ಕೇಳು," ಎಂದು ತೋಳಗಲ ಕೈ ಚಾಚಿ ತೋರಿಸಿದೆ.

ಅವಳು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಗೋಡೆಯ ಒಳಗಿನಿಂದ ನೀಲಗಂಗಾಳ ಕೆಮ್ಮು ಕೇಳಿಸಿತು. ಅವಳು ಮೊಗ್ಗು ಬಿಟ್ಟು ಗೋಡೆಯ ಕಡೆ ತಿರುಗಿದಳು.

"ಎರಡು ಮಾತು," ಎಂದಳು ಕಾಶವ್ವ. "ಒಂದು, ಆ ಬಾಗಲದ ತೋರಣಕ್ಕ ನೀ ಕೈ ಹಚ್ಚಬಾರದು. ನೀ ಕಟ್ಟಿದಿ ಅಂದ್ರ ಬ್ಯಾಸಿಗಿನೂ ಮನಿ ಬಿಡಾಂಗಿಲ್ಲ, ನಾ ಮುಂದ ಸೇವಂತಿಗಿ ಬಿಟ್ಟು ಕಳ್ಳಿ ಬೆಳೀಬೇಕಾಗತೈತಿ. ನೀಲಗಂಗಾ ಕಟ್ಟಲಿ. ಎರಡು, ನಾಳೆ ಮುಂಜಾನೆ ಬಾವಿಕಟ್ಟಿ ಮ್ಯಾಗ ನಿಂತು ಹೇಳಬೇಕು."

"ಏನಂತ?"

"ನಿನಗ ಗೊತ್ತೈತಿ ಏನಂತ."

ಸೋಲು ಒಪ್ಪಿಕೊಳ್ಳುವುದರಲ್ಲಿಯೂ ನನ್ನನ್ನು ಮೀರಿಸಿದವರಿಲ್ಲ. ಮರುದಿನ ಮುಂಜಾನೆ ಬಾವಿಕಟ್ಟೆಯ ಮೇಲೆ ಹತ್ತು ಸಾವಿರ ಜನ ಸೇರಿದ್ದರು. ಕೊಡ ಹಿಡಿದ ಹೆಂಗಸರು ಹದಿನೇಳು ಮಂದಿ, ಉಳಿದವರು ನನ್ನ ಕಣ್ಣಿಗೆ ಕಾಣುತ್ತಿದ್ದರು. ನಾನು ಕಟ್ಟೆ ಹತ್ತಿದೆ.  ಕಂಬಳಿ ಹೊದೆಯಲೋ ಬೀಸಣಿಗೆ ಬೀಸಲೋ ಎಂದು ನೋಡಿದರೆ ಬಾವಿಕಟ್ಟೆಗೆ ಯಾವ ಕಾಲವೂ ಅಂಟಿರಲಿಲ್ಲ.

"ನಾ ಕಟ್ಟಿದ್ದು ತಪ್ಪು ತೋರಣ," ಎಂದೆ. "ಕಾಶಕ್ಕನ ತೋರಣ ನಂದಕ್ಕಿಂತ ಚಲೋ. ಯಾಕಂದರ ಅದು ಬಾಡತೈತಿ. ನೀಲಗಂಗಾ ಮೊದಲ ಹೇಳಿದ್ದಳು. ನಾ ಕೇಳಲಿಲ್ಲ." ಇಷ್ಟು ಹೇಳಿದ ಮೇಲೆ ನಾಲಗೆಗೆ ಹುರುಪು ಬಂತು. "ಆದರ ಜಗತ್ತಿನಾಗ ಇಷ್ಟು ದೊಡ್ಡ ತಪ್ಪನ್ನ ಇಷ್ಟು ಚಂದ ಮಾಡಿದಾಂವ..."

"ಸಾಕು, ಇಳಿಯೋ," ಎಂದಳು ಕಾಶವ್ವ. "ಕಬ್ಬಿಣದ ಹಾರಿ ತಗೊಂಡು ಬಾ. ಗ್ವಾಡಿ ಕಾಯಾಕತ್ತೈತಿ."

ಆ ಗೋಡೆಯನ್ನು ನನ್ನ ಅಜ್ಜ ಕಟ್ಟಿದ್ದು. ಮೂರು ಮೊಳ ದಪ್ಪ, ಕಲ್ಲು ಮತ್ತು ಕರಿಮಣ್ಣು. ನಮ್ಮ ವಂಶಕ್ಕೇ ಗಟ್ಟಿಯಾಗಿ ಕಟ್ಟುವ ರೋಗವಿದೆ ಎಂದು ಆಗ ಗೊತ್ತಾಯಿತು. ಹಾರೆ ಹಾಕಿದರೆ ಕಿಡಿ ಹಾರಿತು. ದರ್ಜಿಯ ಕೈ ನನ್ನದು. ಸೂಜಿಗಿಂತ ಭಾರದ್ದನ್ನು ಎತ್ತಿ ಅಭ್ಯಾಸವಿಲ್ಲ. ಮೊದಲ ದಿನ ಒಂದು ಗುಬ್ಬಿ ತೂರುವಷ್ಟು ತೂತಾಯಿತು. ಎರಡನೆಯ ದಿನ ಬೊಬ್ಬೆಗಳು ಎದ್ದವು, ಮೂರನೆಯ ದಿನ ಒಡೆದವು, ನಾಲ್ಕನೆಯ ದಿನ ಅವುಗಳ ಮೇಲೆ ಹೊಸ ಬೊಬ್ಬೆ. ಮೇಲಿನಿಂದ ಸೋರುವ ಮಳೆ, ಕಾಲ ಕೆಳಗೆ ಕೆಸರು, ತೂತಿನಿಂದ ಕಾಶವ್ವನ ಚಳಿ. ಓಣಿಯ ಗಂಡಸರು ಬಂದು ಬಾಗಿಲಲ್ಲಿ ನಿಂತು, "ಎರಡು ಬಾಗಲಾ ಇಟ್ಟಾಂವ ಉಳದಿಲ್ಲ," ಎಂದು ಹೇಳಿ, ಹಾರೆ ಮುಟ್ಟದೆ ಹೋದರು. ಏಳನೆಯ ದಿನ ಒಂದು ದೊಡ್ಡ ಕಲ್ಲು ಅಲುಗಿತು. ಅದನ್ನು ಎಳೆದಾಗ ಗೋಡೆಯ ಅರ್ಧ ನನ್ನ ಜೊತೆಗೇ ಬಂತು. ನಾನು ಕಲ್ಲಿನ ಕೆಳಗಿನಿಂದ ಎದ್ದಾಗ ಒಬ್ಬ ಮನುಷ್ಯ ತಲೆ ಬಗ್ಗಿಸಿ ಹಾಯುವಷ್ಟು ದಾರಿಯಾಗಿತ್ತು. ಆಚೆಯಿಂದ ಕಾಶವ್ವ ಒಂದು ಲೋಟ ಬಿಸಿ ಚಹಾ ಚಾಚಿದಳು. ಕುಡಿದೆ. ಅದರಲ್ಲಿ ಸಕ್ಕರೆ ಕಡಿಮೆಯಿತ್ತು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಎಂಟು ಒಂಬತ್ತನೆಯ ದಿನ ಚೌಕಟ್ಟು ಕೂರಿಸಿದೆ. ಹತ್ತನೆಯ ದಿನ ನೀರು ಹರಿಯಲು ಸೀಳಿದ ತಾಳೆಮರದ ದೋಣಿ ತಂದು, ಅಂಗಳದಿಂದ ಪಡಸಾಲೆ ಹಾಯ್ದು ಅಡುಗೆಮನೆಯ ಗೋಡೆಗುಂಟ ಹೊಸ ಬಾಗಿಲಿನವರೆಗೆ ಇಳಿಜಾರಾಗಿ ಕಟ್ಟಿದೆ. ಮಳೆಯ ನೀರು ನನ್ನ ಮನೆಯ ನಡುವೆ ಹೊಳೆಯ ಹಾಗೆ ಹರಿದು ಸೇವಂತಿಗೆಯ ಮಡಿಗೆ ಬಿತ್ತು. ಮೀನು ಬಂದಿದ್ದವು ಎಂದು ನಾನು ಹೇಳಿದರೆ ನೀಲಗಂಗಾ ಇಲ್ಲವೆನ್ನುತ್ತಾಳೆ. ಅವಳು ಆ ದಿನ ಮನೆಯಲ್ಲಿರಲಿಲ್ಲ.

ಅವಳು ಗುಡ್ಡಕ್ಕೆ ಹೋಗಿದ್ದಳು. ನಾನು ಬರುತ್ತೇನೆಂದರೆ ಬೇಡವೆಂದಳು. ಹತ್ತು ಹೆಜ್ಜೆಗೊಮ್ಮೆ ಕೂತು, ಉಸಿರು ತಂದುಕೊಂಡು, ಮತ್ತೆ ಎದ್ದು, ಬೆಳಿಗ್ಗೆ ಹೋದವಳು ಹೊತ್ತು ಇಳಿಯುವಾಗ ಬಂದಳು. ಉಡಿಯ ತುಂಬ ಮುತ್ತುಗದ ಹೂವು, ಬೇವಿನ ಗೊಂಚಲು, ಒಂದು ಕೈಯಲ್ಲಿ ಬಾಳೆಯ ನಾರು. ಮರುದಿನ ಹೊಸ ಬಾಗಿಲ ಮುಂದೆ ಕಾಲು ಮಡಚಿ ಕೂತು ಕಟ್ಟತೊಡಗಿದಳು. ನನ್ನನ್ನು ಎದುರಿಗೆ ಕೂರಿಸಿದಳು, ಕಣ್ಣಿಗೆ ಕಾಣುತ್ತಿರಲೆಂದು.

ಅಯ್ಯೋ, ಆ ತೋರಣ. ಇಪ್ಪತ್ತೆಂಟು ವರ್ಷ ನನ್ನಂಥವನ ಹೆಂಡತಿಯಾಗಿದ್ದವಳ ಕೈಯಿಂದ ಅಂಥದ್ದು ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಒಂದು ಪಕ್ಕ ಉದ್ದ, ಒಂದು ಪಕ್ಕ ಮೊಂಡು. ಮುತ್ತುಗದ ಹೂಗಳು ಕೆಲವು ಒಳಗೆ ಮುಖ ಮಾಡಿದ್ದವು, ಕೆಲವು ಹೊರಗೆ, ಒಂದು ಆಕಾಶಕ್ಕೆ. ಬೇವಿನ ಗೊಂಚಲು ತಲೆಕೆಳಗು. ಗಂಟುಗಳು ಎಷ್ಟು ಸಡಿಲವೆಂದರೆ ಗಟ್ಟಿಯಾಗಿ ಸೀನಿದರೆ ಬಿಚ್ಚಿಕೊಳ್ಳುವಂತಿದ್ದವು. ನನ್ನ ಕೈಗಳು ತಾವೇ ಎದ್ದು ಹೊರಟವು. ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವುಗಳ ಮೇಲೆ ಕೂತೆ. ಏಳು ದಿನ ಗೋಡೆ ಒಡೆದದ್ದು ಇದರ ಮುಂದೆ ಏನೂ ಅಲ್ಲ.

"ಏನರ ಅನ್ನಬೇಕಂತೀರೇನ್ರಿ?" ಎಂದಳು, ತಲೆಯೆತ್ತದೆ.

"ಇಲ್ಲ."

"ಬೆವರಾಕತ್ತೀರಿ."

"ಇನ್ನ ಕಟ್ಟಿಲ್ಲ, ಆಗಲೇ ಬ್ಯಾಸಿಗಿ ಬಂತು ನನಗ."

ಅವಳು ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಕೊನೆಯ ಗಂಟು ಹಾಕಿದಳು. ಸ್ಟೂಲಿನ ಮೇಲೆ ಹತ್ತಿ ತಾನೇ ಕಟ್ಟಿದಳು. ತೋರಣ ಓರೆಯಾಗಿ ತೂಗಿತು.

ಅಂದು ಏನೂ ಆಗಲಿಲ್ಲ. ನೆಲ ಹಾಗೇ ಹಸಿ, ಗೋಡೆ ಹಾಗೇ ಬೆವರು. ನೀಲಗಂಗಾ ಗೋಡೆಗೆ ಒರಗಿಯೇ ಕೂತಳು. ಮರುದಿನ ಅಮಾವಾಸ್ಯೆ. ಮುಂಜಾನೆ ನಾನು ಒಲೆ ಹೊತ್ತಿಸಲು ಹೋದೆ. ಕಡ್ಡಿ ಗೀರಿದೆ, ಒಂದೇ ಗೀರಿಗೆ ಹೊತ್ತಿತು. ಹತ್ತು ತಿಂಗಳಲ್ಲಿ ಮೊದಲ ಸಲ. ಇನ್ನೊಂದು ಗೀರಿದೆ, ಅದೂ ಹೊತ್ತಿತು. ಸುಮ್ಮನೆ ಎಂಟೋ ಹತ್ತೋ ಕಡ್ಡಿ ಸುಟ್ಟೆ. ಉಪ್ಪಿನ ಗಡಿಗೆ ಅಲುಗಿಸಿದರೆ ಕೆಸರಿನ ಮೇಲೆ ತೆಳ್ಳಗೆ ಹೆಕ್ಕಳೆ ಕಟ್ಟಿತ್ತು. ಹೊಸ ಬಾಗಿಲಿನಿಂದ ಮೊರದಷ್ಟು ಅಗಲದ ಬಿಸಿಲು ನೆಲದ ಮೇಲೆ ಬಿದ್ದಿತ್ತು. ಬಿದ್ದಲ್ಲಿ ಮಣ್ಣಿನ ಬಣ್ಣ ತಿಳಿಯಾಗುತ್ತಿತ್ತು. ನಾನು ಕಟ್ಟಿದ್ದರೆ ಬೇಸಿಗೆ ಎತ್ತಿನ ಹಾಗೆ ನುಗ್ಗಿ ಬರುತ್ತಿತ್ತು. ಇದು ಹೊಸ ಮನೆಗೆ ಬಂದ ನೆಂಟರ ಹಾಗೆ ಬಾಗಿಲಲ್ಲಿ ನಿಂತು, ಸ್ವಲ್ಪ ಸ್ವಲ್ಪ ಒಳಗೆ ಬಂತು. ಎರಡು ಕಾಲಗಳು ಪಾತ್ರೆ ಎಸೆದಾಡಲಿಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ಒಂದಕ್ಕೊಂದು ಎದುರಾಗಿ, ಒಂದು ಆ ಕಡೆ, ಒಂದು ಈ ಕಡೆ ಕೂತವು. ಮಾಳಿಗೆಯ ಮೇಲೆ ನಡುವೆ ಗೆರೆ ಎಳೆದಂತೆ ಅರ್ಧ ಹಸಿ, ಅರ್ಧ ಒಣಗು. ನೀಲಗಂಗಾ ಆ ಬಿಸಿಲಿನ ತುಂಡಿಗೆ ಬೆನ್ನು ಕೊಟ್ಟು ಕೂತಳು. ಬಿಸಿಲು ಸರಿದಂತೆ ತಾನೂ ಸರಿದಳು. ಮೂರು ಸಲ ಸರಿದ ಮೇಲೆ ಹಾಗೇ ಅಡ್ಡಾದಳು. ಕಾಲು ಚಾಚಿದಳು. ಅವಳು ನಿದ್ದೆ ಹೋದಳೆಂದು ನನಗೆ ತಿಳಿದದ್ದು ಉಸಿರಿನ ಸದ್ದು ಕೇಳದೆ ಇದ್ದದ್ದರಿಂದ. ಗಾಬರಿಯಾಗಿ ಹತ್ತಿರ ಹೋಗಿ ಬಗ್ಗಿ ನೋಡಿದೆ. ಎದೆ ಏರುತ್ತಿತ್ತು, ಇಳಿಯುತ್ತಿತ್ತು, ಸದ್ದಿಲ್ಲದೆ.

ಮಧ್ಯಾಹ್ನ ಭರಮಪ್ಪ ಗಾಡಿ ತಂದ. ಮುಂಬಾಗಿಲಲ್ಲಿ ಅವನು ಇಳಿಯುವಷ್ಟರಲ್ಲಿ ತಲೆಯ ಪಟಕ, ಧೋತರ, ಮೀಸೆ ಎಲ್ಲ ತೊಯ್ದು ಜೋತುಬಿದ್ದಿದ್ದವು.

"ಮಾವ, ಅಕ್ಕ ಎಲ್ಲಿ? ಹೊತ್ತಾಗತೈತಿ, ಹೊಳಿ ದಾಟಬೇಕು," ಎಂದ.

"ಒಳಗದಾಳ. ನಡಿ."

ಅವನು ಒಳಗೆ ನಡೆದ. ಪಡಸಾಲೆಯಲ್ಲಿ ಅವನ ಹೆಜ್ಜೆಗಳು ಪಚಪಚ ಎನ್ನುತ್ತಿದ್ದವು. ಅಡುಗೆಮನೆಯ ಹೊಸ್ತಿಲು ದಾಟಿದ ಮೇಲೆ ಸದ್ದು ನಿಂತಿತು. ನೀಲಗಂಗಾ ಎದ್ದಿದ್ದಳು. ಬಾಗಿಲ ಹತ್ತಿರ ಇಟ್ಟಿದ್ದ ಗಂಟನ್ನು ತಾನೇ ಎತ್ತಿಕೊಂಡು ಬಂದು ಬಿಚ್ಚಿದ್ದಳು. ಹತ್ತು ತಿಂಗಳ ತೇವಕ್ಕೆ ಸೀರೆಗಳು ಒಂದಕ್ಕೊಂದು ಅಂಟಿಕೊಂಡು ಮುಗ್ಗಿದ್ದವು. ಅವಳು ಒಂದೊಂದನ್ನೇ ಬಿಡಿಸಿ, ಜಾಡಿಸಿ, ಹೊಸ ಬಾಗಿಲಿನಿಂದ ಒಲೆಯವರೆಗೆ ಕಟ್ಟಿದ್ದ ಹಗ್ಗದ ಮೇಲೆ ಹರವುತ್ತಿದ್ದಳು.

"ಇವನ್ನ ಈಗ ಯಾಕ ಹರವಾಕತ್ತಿಯಕ್ಕಾ? ನಮ್ಮ ಮನ್ಯಾಗ ಒಣಗಸಿದರಾತು," ಎಂದ ಭರಮಪ್ಪ.

"ತೊಯ್ದದ್ದನ್ನ ಮಂದಿ ಮನಿಗೆ ತಗೊಂಡು ಹೋಗಬಾರದು. ಕುಂದರು, ಮೊದಲ ಮಾರಿ ಒರಸಿಕೋ. ರೊಟ್ಟಿ ಬಡೀತೀನಿ."

ಅವಳು ರೊಟ್ಟಿ ಬಡಿದಳು. ಭರಮಪ್ಪ ಎಂಟು ತಿಂದ, ನಾನು ಒಂದನ್ನೂ ತಿನ್ನಲಿಲ್ಲ. ಹಿತ್ತಲಿನಿಂದ ಕಾಶವ್ವ ಬಗ್ಗಿ ನೋಡಿ, ತೋರಣವನ್ನು ನೋಡಿ, ಸೀರೆಗಳನ್ನು ನೋಡಿ, ನನ್ನನ್ನು ನೋಡಿ, ತನ್ನ ಮಡಿಗೆ ಹೋದಳು. ಬಿಸಿಲು ಹಗ್ಗದ ಮೇಲೆ ಸರಿಯಿತು. ಭರಮಪ್ಪ ಎರಡು ಸಲ ಎದ್ದ, ಎರಡು ಸಲ ಅವಳು ಕೂರಿಸಿದಳು. ಸೀರೆಗಳು ಒಣಗುವವರೆಗೆ ನಾನು ಒಂದು ಸಲವೂ 'ಇರು' ಎಂದು ಹೇಳಲಿಲ್ಲ. ಹೇಳುವ ಹಕ್ಕನ್ನು ನಾನು ಹತ್ತು ತಿಂಗಳ ಹಿಂದೆಯೇ ಬಾಗಿಲಿಗೆ ಕಟ್ಟಿಬಿಟ್ಟಿದ್ದೆ.

ಹೊತ್ತು ವಾಲಿದಾಗ ಅವಳು ಎದ್ದು ಸೀರೆಗಳನ್ನು ತೆಗೆದಳು. ಅಂಚಿಗೆ ಅಂಚು ಕೂಡಿಸಿ, ಮೊಣಕಾಲ ಮೇಲೆ ಹಾಕಿ, ಕೈಯಿಂದ ತೀಡಿ ಮಡಚಿದಳು. ಬಿಚ್ಚಿದ ಗಂಟಿನ ಬಟ್ಟೆ ಅವಳ ಎಡಕ್ಕೆ ಇತ್ತು. ಬಲಕ್ಕೆ ಗೋಡೆಯ ಗೂಡು. ಮೊದಲನೆಯ ಸೀರೆಯನ್ನು ಗೂಡಿನಲ್ಲಿ ಇಟ್ಟಳು. ಎರಡನೆಯದನ್ನೂ. ಭರಮಪ್ಪ ನನ್ನ ಕಡೆ ನೋಡಿದ, ಎದ್ದು ಹೋಗಿ ಎತ್ತುಗಳ ಕೊರಳು ಬಿಚ್ಚಿ ನೀರು ಕುಡಿಸತೊಡಗಿದ. ಈ ಕತೆಯಲ್ಲಿ ನಾನು ಹೇಳಿದ ಲೆಕ್ಕಗಳನ್ನು ನೀವು ಅರ್ಧ ಮಾಡಿ ಕೇಳಿದ್ದರೆ ನನ್ನ ತಕರಾರಿಲ್ಲ. ಇದನ್ನು ಮಾತ್ರ ಹಾಗೇ ತೆಗೆದುಕೊಳ್ಳಿ. ಒಂಬತ್ತು ಸೀರೆಗಳಿದ್ದವು, ಒಂಬತ್ತನ್ನೂ ಗೂಡಿನಲ್ಲಿಟ್ಟಳು.